ಪ್ರವಾಸಿಯಾಗಿ ಹೋಗಿ ಥೈಲ್ಯಾಂಡ್‌ನ ಸಣ್ಣ ಊರಲ್ಲಿ ನೆಲೆಸಬಹುದಾ?

ನಿಮ್ಮ ಪ್ರಶ್ನೆ ಓದಿದೆ. ನಿಮಗೆ 51, ನಿಮ್ಮ ಮನೆಯವರಿಗೆ 47. ಸ್ವಯಂ ನಿವೃತ್ತಿ ತಗೊಂಡಿದ್ದೀರಿ. ಪ್ರವಾಸಿಗಳಾಗಿ ಥೈಲ್ಯಾಂಡ್‌ಗೆ ಹೋಗಿ, ಅಲ್ಲೇ ವೀಸಾ ಅವಧಿ ಮುಂದುವರಿಸಿಕೊಂಡು, ಬ್ಯಾಂಕಾಕ್, ಫುಕೆಟ್ ಗದ್ದಲವಿಲ್ಲದ ಒಂದು ಸಣ್ಣ ಊರಲ್ಲಿ ಇದ್ದುಬಿಡಬಹುದಾ ಅಂತ ಕೇಳಿದ್ದೀರಿ.

ಇರಬಹುದು ಸರ್. ಆದರೆ ಪ್ರವಾಸಿ ಮುದ್ರೆಯ ಮೇಲೆ ಇರೋಕಾಗಲ್ಲ. ಪ್ರವಾಸಿಯಾಗಿ ಸಿಗುವ ದಿನಗಳನ್ನು ಊರು ನಿಮಗೆ ಹೊಂದುತ್ತಾ ಅಂತ ನೋಡೋಕೆ ಬಳಸಿ. ನೆಲೆಸೋಕೆ ಬೇರೆ ವೀಸಾನೇ ಬೇಕು.

ನಾನು, ನನ್ನ ಹೆಂಡತಿ ಸಾಗರದ ಕಡೆಯವರು. ಈಗ ಉತ್ತರ ಥೈಲ್ಯಾಂಡ್‌ನ ಲಂಪಾಂಗ್‌ನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇವೆ. ಚಿಯಾಂಗ್ ಮಾಯ್‌ನಿಂದ ಬಸ್ಸಲ್ಲಿ ಎರಡು ಗಂಟೆ ದಾರಿ. ಮಧ್ಯದಲ್ಲಿ ವಾಂಗ್ ನದಿ ಹರಿಯುತ್ತೆ. ಇವತ್ತಿಗೂ ಜಟಕಾ ಗಾಡಿ ಓಡಾಡುವ ಊರು. ಹಿಂದೆ ತೇಗದ ವ್ಯಾಪಾರಕ್ಕೆ ಬಂದ ಬರ್ಮಾದವರು ಕಟ್ಟಿಸಿದ ದೇವಸ್ಥಾನಗಳಿವೆ. ನಾವು ಮೊದಲು ಬಂದಿದ್ದು 2024ರ ನವೆಂಬರ್‌ನಲ್ಲಿ, ನೀವು ಯೋಚಿಸಿರುವ ಹಾಗೆ ಪ್ರವಾಸಿಗಳಾಗಿಯೇ.

ಆ ವರ್ಷ ಜುಲೈ 15ರಿಂದ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರೋಕೆ ಬಿಟ್ಟಿದ್ದರು. ಅದರ ಮೇಲೆ ವಲಸೆ ಕಚೇರಿಗೆ ಹೋಗಿ ಇನ್ನೂ 30 ದಿನ ಕೇಳಬಹುದಿತ್ತು. ಟಿಎಂ 7 ಅನ್ನೋ ಅರ್ಜಿ, ಫೋಟೋ, ಪಾಸ್‌ಪೋರ್ಟ್ ಪ್ರತಿ, 1,900 ಬಾತ್ ಶುಲ್ಕ. ನಮ್ಮ ಲೆಕ್ಕದಲ್ಲಿ ಒಬ್ಬರಿಗೆ ಸುಮಾರು ಐದು ಸಾವಿರ ರೂಪಾಯಿ. ಒಟ್ಟು 90 ದಿನ ಆಯ್ತಲ್ಲ, ಅಲ್ಲಿಗೆ ಮುಗೀತು. ಈ ದಿನಗಳ ಲೆಕ್ಕವನ್ನು ಅವರು ಆಗಾಗ ಬದಲಾಯಿಸುತ್ತಾರೆ. ಟಿಕೆಟ್ ತೆಗೆಸುವ ವಾರವೇ ಥಾಯ್ ರಾಯಭಾರ ಕಚೇರಿಯ ಪುಟ ನೋಡಿಕೊಳ್ಳಿ. 2025ರ ಮೇ 1ರಿಂದ ಬರುವ ಮುಂಚೆ ಆನ್‌ಲೈನ್‌ನಲ್ಲಿ ಆಗಮನ ಕಾರ್ಡ್ ತುಂಬಬೇಕು. ಅದು ಉಚಿತ. ಅದಕ್ಕೆ ದುಡ್ಡು ಕೇಳುವ ಜಾಲತಾಣ ಸಿಕ್ಕರೆ ಮುಚ್ಚಿಬಿಡಿ.

ಈಗ ಸಣ್ಣ ಊರಿನ ವಿಷಯ. ನಾನು ಇದನ್ನು ಬರೀತಾ ಇರೋದೇ ಇದಕ್ಕೋಸ್ಕರ.

ವಿದೇಶಿಯೊಬ್ಬರು ಮನೆಗೆ ಬಂದು ಉಳಿದರೆ 24 ಗಂಟೆಯೊಳಗೆ ಮನೆ ಮಾಲೀಕರು ವಲಸೆ ಇಲಾಖೆಗೆ ತಿಳಿಸಬೇಕು. ಇದಕ್ಕೆ ಟಿಎಂ 30 ಅಂತಾರೆ. ಬ್ಯಾಂಕಾಕ್‌ನ ಹೋಟೆಲುಗಳಲ್ಲಿ ಇದು ತಾನಾಗಿ ನಡೆದುಹೋಗುತ್ತೆ, ನಿಮಗೆ ಗೊತ್ತೂ ಆಗಲ್ಲ. ಸಣ್ಣ ಊರಲ್ಲಿ ಮನೆ ಕೊಡುವವರು ತಮ್ಮ ಜನ್ಮದಲ್ಲಿ ಒಬ್ಬ ವಿದೇಶಿಗೂ ಬಾಡಿಗೆಗೆ ಕೊಟ್ಟಿರಲ್ಲ. ನಮ್ಮ ಮನೆ ಯಜಮಾನಿ ನೂಡಲ್ಸ್ ಅಂಗಡಿ ನಡೆಸುತ್ತಾರೆ. ಅರವತ್ತು ದಾಟಿದೆ. ಊರೆಲ್ಲ ಅವರನ್ನು 'ಪಾ' ಅನ್ನುತ್ತೆ. ನಮ್ಮಲ್ಲಿ ದೊಡ್ಡಮ್ಮ ಅಂದ ಹಾಗೆ. ಅವರಿಗೆ ಟಿಎಂ 30 ಅಂದರೆ ಏನೂಂತ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಅವಧಿ ಮುಗಿಯೋಕೆ ಮೂರು ದಿನ ಇರುವಾಗ ನಾವು ಅರ್ಜಿ ಹಿಡಿದು ಹೋದೆವು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, ನಿಮ್ಮ ವಿಳಾಸ ಇದರಲ್ಲಿ ಇಲ್ಲ ಅಂದಳು. ಮಾಲೀಕರ ಗುರುತಿನ ಚೀಟಿ ಬೇಕು, ಮನೆ ಪುಸ್ತಕ ಬೇಕು. ಆ ಪುಸ್ತಕಕ್ಕೆ 'ತಬಿಯನ್ ಬಾನ್' ಅಂತಾರೆ, ನೀಲಿ ರಟ್ಟಿನ ಸಣ್ಣ ಪುಸ್ತಕ. ನನ್ನ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತು ಅತ್ತೇಬಿಟ್ಟಳು. ಮನೆಗೆ ಬಂದು ಫೋನಿನ ಅನುವಾದದಲ್ಲಿ ಪಾಗೆ ತೋರಿಸಿದೆವು. ಅವರು ಓದಿದರು, ಕುದಿಯುತ್ತಿದ್ದ ಸಾರಿನ ಒಲೆ ಆರಿಸಿದರು, ಅಂಗಡಿ ಬಾಗಿಲು ಅರ್ಧ ಎಳೆದರು. ಬಿಸ್ಕತ್ತಿನ ಡಬ್ಬಿಯಿಂದ ಆ ನೀಲಿ ಪುಸ್ತಕ ತೆಗೆದು, ಇಸ್ತ್ರಿ ಮಾಡಿದ ರವಿಕೆ ಹಾಕಿಕೊಂಡು, ಸ್ಕೂಟರ್ ಹತ್ತಿ ನಮ್ಮ ಮುಂದೆ ಹೊರಟರು. ತಡವಾಗಿದ್ದಕ್ಕೆ 800 ಬಾತ್ ದಂಡ ಬಿತ್ತು. ಅದನ್ನು ನಾವು ಕಟ್ಟಿದೆವು, ಅವರು ಕಟ್ಟೋಕೆ ಹೊರಟಿದ್ದರು. ಕಚೇರಿಯವರದ್ದು ಏನೂ ತಪ್ಪಿಲ್ಲ. ನಿಯಮ ಇದ್ದಿದ್ದೇ ಹಾಗೆ. ಕಾಗದ ಸರಿಯಾದ ಮೇಲೆ 30 ದಿನದ ಮುದ್ರೆಗೆ ಅರ್ಧ ಗಂಟೆ ಸಾಕಾಯ್ತು. ನಮ್ಮ ಮುಂದೆ ಇದ್ದವರು ಇಬ್ಬರೇ. ದೊಡ್ಡ ಊರಲ್ಲಾದರೆ ಬೆಳಗ್ಗೆ ಹೋಗಿ ಟೋಕನ್ ಹಿಡಿದು ಕೂರಬೇಕಿತ್ತು.

ಹಾಗಾಗಿ ಮನೆ ನೋಡುವಾಗ ನಲ್ಲಿ ನೀರು ನೋಡುವ ಮುಂಚೆ ಇದನ್ನು ಕೇಳಿ: ಟಿಎಂ 30 ಮಾಡಿಕೊಡ್ತೀರಾ, ಮನೆ ಪುಸ್ತಕದ ಪ್ರತಿ ಕೊಡ್ತೀರಾ? ಇಲ್ಲ ಅಂದರೆ ಎಷ್ಟೇ ಚೆನ್ನಾಗಿದ್ದರೂ ಆ ಮನೆ ಬೇಡ. ಮುಂದೆ ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್, ವೀಸಾ, ಎಲ್ಲದಕ್ಕೂ ವಿಳಾಸದ ಪುರಾವೆ ಬೇಕು. ಸಣ್ಣ ಊರಲ್ಲಿ ನಿಮ್ಮ ಕಾಗದಪತ್ರ ನಿಂತಿರೋದು ಒಬ್ಬ ಮನುಷ್ಯರ ಮೇಲೆ.

ಪ್ರವಾಸಿ ಅವಧಿ ಮುಗಿದಮೇಲೆ ಗಡಿ ದಾಟಿ ಲಾವೋಸ್‌ಗೆ ಹೋಗಿ ಮಾರನೇ ದಿನ ವಾಪಸ್ ಬನ್ನಿ ಅಂತ ಹೇಳುವವರು ಸಿಗುತ್ತಾರೆ. ದಯವಿಟ್ಟು ಅದನ್ನು ನಂಬಿ ಸಾಮಾನು ಹೊತ್ತುಕೊಂಡು ಬರಬೇಡಿ. ಪದೇ ಪದೇ ಹೀಗೆ ಬರುವವರನ್ನು ಗಡಿಯಲ್ಲೇ ವಾಪಸ್ ಕಳಿಸುವ ಅಧಿಕಾರ ಅವರಿಗಿದೆ. ಇನ್ನು ಅವಧಿ ಮೀರಿದರೆ ದಿನಕ್ಕೆ 500 ಬಾತ್, ಗರಿಷ್ಠ 20,000. ದಂಡ ಕಟ್ಟಿದರೆ ಆಯ್ತು ಅಂದುಕೊಳ್ಳಬೇಡಿ. 90 ದಿನಕ್ಕಿಂತ ಜಾಸ್ತಿ ಮೀರಿ, ನೀವಾಗಿಯೇ ಹೊರಟರೂ ಒಂದು ವರ್ಷ ಒಳಗೆ ಬಿಡಲ್ಲ. ಹೊರಡುವ ಮುಂಚೆಯೇ ಪೊಲೀಸರ ಕೈಗೆ ಸಿಕ್ಕರೆ ಐದು ವರ್ಷ.

ನಿಮಗೆ 50 ದಾಟಿರೋದು ದೊಡ್ಡ ಅನುಕೂಲ. ನಿವೃತ್ತರಿಗೆ ನಾನ್ ಇಮ್ಮಿಗ್ರೆಂಟ್ ಓ ಅನ್ನೋ ವೀಸಾ ಇದೆ. ಮೊದಲು 90 ದಿನ ಸಿಗುತ್ತೆ. ಆಮೇಲೆ ಅಲ್ಲೇ ವರ್ಷ ವರ್ಷ ಮುಂದುವರಿಸಬಹುದು, ಅದಕ್ಕೂ 1,900 ಬಾತೇ. ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು. ಠೇವಣಿ ದಾರಿಯಾದರೆ ಅರ್ಜಿಗೆ ಎರಡು ತಿಂಗಳು ಮುಂಚಿನಿಂದ ಆ ಹಣ ಖಾತೆಯಲ್ಲಿರಬೇಕು. ಒಪ್ಪಿಗೆ ಸಿಕ್ಕ ಮೇಲೆ ಮೂರು ತಿಂಗಳು ಮುಟ್ಟುವ ಹಾಗಿಲ್ಲ, ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ನಮ್ಮ ರೂಪಾಯಿಯಲ್ಲಿ 20 ಲಕ್ಷ ದಾಟುವ ಮೊತ್ತ ಇದು. ಒಂದೇ ಆರ್ಥಿಕ ವರ್ಷದಲ್ಲಿ 10 ಲಕ್ಷ ರೂಪಾಯಿಗಿಂತ ಜಾಸ್ತಿ ಕಳಿಸಿದ್ದಕ್ಕೆ, ಮೇಲಿನ ಮೊತ್ತಕ್ಕೆ ನಮ್ಮ ಬ್ಯಾಂಕ್ 20% ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯಿತು. ರಿಟರ್ನ್ ಸಲ್ಲಿಸಿದಾಗ ಅದು ಹೊಂದಾಣಿಕೆ ಆಗುತ್ತೆ, ಆದರೆ ಅಲ್ಲಿಯವರೆಗೆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತೆ. ಮಾರ್ಚ್‌ನಲ್ಲಿ ಒಂದಿಷ್ಟು, ಏಪ್ರಿಲ್‌ನಲ್ಲಿ ಒಂದಿಷ್ಟು ಕಳಿಸಿದರೆ ಭಾರ ಕಮ್ಮಿ.

ಈ ವೀಸಾಗೆ ಪ್ರವಾಸಿಯಾಗಿ ಬಂದು ಇಲ್ಲೇ ಅರ್ಜಿ ಹಾಕುವ ದಾರಿಯೂ ಇದೆ. ಆದರೆ ಪ್ರವಾಸಿಗೆ ಬ್ಯಾಂಕ್ ಖಾತೆ ತೆರೆದುಕೊಡೋಕೆ ಬ್ಯಾಂಕಿನವರು ಹಿಂದೆಮುಂದೆ ನೋಡುತ್ತಾರೆ. ಅದಕ್ಕೇ ನಾವು ಊರಿಗೆ ವಾಪಸ್ ಬಂದು, ಅಲ್ಲಿಂದ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ವೀಸಾ ತಗೊಂಡು ಬಂದೆವು. ನಿಮಗೂ ಅದನ್ನೇ ಹೇಳ್ತೀನಿ.

ನಿಮ್ಮ ಮನೆಯವರಿಗೆ 50 ಆಗಿಲ್ಲ, ಅಲ್ವಾ? ಚಿಂತೆ ಬೇಡ, ನಿಮ್ಮ ಅವಲಂಬಿತರಾಗಿ ಇರಬಹುದು. ಅವರಿಗೆ ಬೇರೆ 8 ಲಕ್ಷ ಬೇಡ. ಆದರೆ ಮದುವೆ ನೋಂದಣಿ ಪತ್ರ ಬೇಕೇ ಬೇಕು. ನಮ್ಮ ಮದುವೆ ಆಗಿದ್ದು ಮನೆ ಮುಂದಿನ ಚಪ್ಪರದಲ್ಲಿ, ಆಗ ನೋಂದಣಿ ಯಾರು ಮಾಡಿಸುತ್ತಿದ್ದರು? ಮೂವತ್ತು ವರ್ಷ ಆದಮೇಲೆ ಲಗ್ನಪತ್ರಿಕೆ, ಹಳೇ ಫೋಟೋ ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಆಮೇಲೆ ವಿದೇಶಾಂಗ ಇಲಾಖೆಯ ದೃಢೀಕರಣ, ಥಾಯ್ ಅನುವಾದ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಇವತ್ತೇ ಶುರು ಮಾಡಿ.

ವರ್ಷದ ವೀಸಾ ಸಿಕ್ಕ ಮೇಲೂ 90 ದಿನಕ್ಕೊಮ್ಮೆ ಎಲ್ಲಿದ್ದೀರಿ ಅಂತ ತಿಳಿಸಬೇಕು. ಮಗನ ಮದುವೆ ಅಂತ ಊರಿಗೆ ಹೊರಟರೆ ಮರುಪ್ರವೇಶ ಪರವಾನಗಿ ತಗೊಂಡೇ ಹೊರಡಿ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಅನ್ನೋದಾದರೆ 3,800. ಅದಿಲ್ಲದೆ ವಿಮಾನ ಹತ್ತಿದರೆ ವೀಸಾ ಅಲ್ಲಿಗೆ ರದ್ದು. ಇನ್ನು ಮನೆ ಕೊಳ್ಳುವ ಆಸೆ ಇದ್ದರೆ ಬಿಡಿ, ವಿದೇಶಿಯರ ಹೆಸರಿಗೆ ನೆಲ ಆಗಲ್ಲ. ಬಾಡಿಗೆಯೇ ಸಾಕು.

ಊರಿನ ಬಗ್ಗೆ ಒಂದು ವಿಷಯದಲ್ಲಿ ನಾವು ಮೋಸ ಹೋದೆವು. ನವೆಂಬರ್‌ನಿಂದ ಫೆಬ್ರವರಿವರೆಗೆ ಇಲ್ಲಿ ನಮ್ಮ ಮಲೆನಾಡಿನ ಚಳಿಗಾಲದ ಹಾಗೇ ಇರುತ್ತೆ. ಬೆಳಗ್ಗೆ ಮಂಜು, ಮಧ್ಯಾಹ್ನ ಎಳೆಬಿಸಿಲು. ಅದನ್ನೇ ನೋಡಿ ಮನಸ್ಸು ಮಾಡಿದೆವು. ವೀಸಾ ತಗೊಂಡು ಮಾರ್ಚ್‌ನಲ್ಲಿ ಬಂದರೆ ಗುಡ್ಡಗಳೇ ಕಾಣಿಸಲಿಲ್ಲ. ಕಾಡು, ಹೊಲದ ಕೂಳೆ ಸುಡುವ ಕಾಲ ಅದು. ಹೊಗೆ ಕಣಿವೆಯಲ್ಲಿ ಕೂತುಬಿಡುತ್ತೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತೆ. ನನ್ನ ಹೆಂಡತಿಗೆ ಉಬ್ಬಸ ಇದೆ. ಈಗ ಆ ಎರಡು ತಿಂಗಳು ನಾವು ಸಾಗರಕ್ಕೇ ಹೋಗಿಬಿಡುತ್ತೇವೆ. ಉತ್ತರದ ಊರು ನೋಡುವುದಾದರೆ ನಿಮ್ಮ ಆ ಪ್ರವಾಸಿ ದಿನಗಳು ಮಾರ್ಚ್, ಏಪ್ರಿಲ್‌ನಲ್ಲಿ ಬರಲಿ. ಕೆಟ್ಟ ದಿನಗಳಲ್ಲೂ ಊರು ಸಹಿಸೋ ಹಾಗಿದ್ದರೆ ಮುಂದಿನ ಮಾತು.

ಇನ್ನು ಊಟದ ವಿಷಯ. ಮೀನಿನ ಸಾಸು, 'ನಾಮ್ ಪ್ಲಾ', ಪಲ್ಯದಲ್ಲೂ ಇರುತ್ತೆ. ಸಸ್ಯಾಹಾರಿ ಅಂತ ಹೇಳುವ ಬದಲು 'ಜೇ' ಅನ್ನಿ. ಮಾಂಸ, ಮೀನು, ಮೊಟ್ಟೆ, ಬೆಳ್ಳುಳ್ಳಿ ಯಾವುದೂ ಹಾಕಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಅದು. ತೊಗರಿಬೇಳೆ ಈ ಊರಲ್ಲಿ ಸಿಗಲ್ಲ, ಬ್ಯಾಂಕಾಕ್‌ಗೆ ಹೋದಾಗ ಪಾಹುರತ್ ಬೀದಿಯಿಂದ ತರುತ್ತೇವೆ. ಆದರೆ ಸಂತೆಯಲ್ಲಿ ಒಂದು ದಿನ ನನ್ನ ಹೆಂಡತಿ ಸೊಪ್ಪಿನ ಕಟ್ಟೊಂದನ್ನು ಎತ್ತಿ ನೋಡಿ ನಕ್ಕಳು. ತೊಂಡೆ ಬಳ್ಳಿಯ ಕುಡಿ! ಇಲ್ಲಿಯವರು ಸೊಪ್ಪು ತಿಂತಾರೆ, ಕಾಯಿ ಬಿಡ್ತಾರೆ. ಪಾ ಮನೆ ಬೇಲಿಯ ತೊಂಡೆಕಾಯಿ ಈಗ ನಮ್ಮದು, ಕುಡಿ ಅವರದು.

ಭಾಷೆ ಕಲಿಯಿರಿ. ಬೇರೆಯವರಿಗಿಂತ ನಮಗೆ ಸುಲಭ. ಅಕ್ಷರಮಾಲೆ ಕ, ಖ ಅಂತಲೇ ಶುರುವಾಗುತ್ತೆ, ವರ್ಗಗಳ ಸಾಲು ನಮ್ಮದೇ. ಭಾಷೆಗೆ 'ಫಾಸಾ', ಆಹಾರಕ್ಕೆ 'ಆಹಾನ್', ಗುರುಗಳಿಗೆ 'ಕ್ರೂ'. ನಾನು ದಿನಾ ಸಂಜೆ ಅಂಗಡಿಯ ಹಲಗೆ ಓದುತ್ತೇನೆ, ಪಾ ಮೊಮ್ಮಗಳು ತಿದ್ದುತ್ತಾಳೆ.

ಮದುವೆ ನೋಂದಣಿ ಆಗಿದೆಯಾ, ಮನೆಯಲ್ಲಿ ಯಾರಿಗಾದರೂ ಉಸಿರಾಟದ ತೊಂದರೆ ಇದೆಯಾ ಅಂತ ಬರೆಯಿರಿ. ಅದನ್ನು ನೋಡಿಕೊಂಡು ಉತ್ತರದ ಕಡೆಯೋ, ದಕ್ಷಿಣದ ಸಮುದ್ರದ ಕಡೆಯೋ ಅಂತ ಹೇಳ್ತೀನಿ.