ಎಡುಪು ತಪ್ಪಿದ ಮೇಲೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಇಪ್ಪತ್ತಾರರ ಆ ಗಾಯಕಿ ನನ್ನ ಬಳಿ ಬಂದಾಗ ಕಛೇರಿ ಒಪ್ಪಿಕೊಳ್ಳುವುದನ್ನು ನಿಲ್ಲಿಸಿ ಏಳು ತಿಂಗಳಾಗಿತ್ತು. ಕೃತಿ ಹಾಡಲು ಭಯವಿಲ್ಲ. ಕಲ್ಪನಾಸ್ವರದ, ಅಂದರೆ ಸ್ವರಗಳನ್ನು ಆಗಲೇ ಕಟ್ಟಿ ಹಾಡುವ ಮನೋಧರ್ಮದ, ಹೊತ್ತಿಗೆ ಮಾತ್ರ ಬಾಯಿ ಒಣಗಿ, ತಾಳ ಹಾಕುವ ಕೈ ತಣ್ಣಗಾಗುತ್ತಿತ್ತು.

ಶುರುವಾದದ್ದು ಒಂದು ಕಲ್ಯಾಣಿ ರಾಗದಿಂದ. ಸ್ವರವನ್ನು ಲೆಕ್ಕವಾಗಿ ಮುಗಿಸುವ ಮುಕ್ತಾಯವೊಂದನ್ನು ಮನೆಯಲ್ಲಿ ಬರೆದು ಬಾಯಿಪಾಠ ಮಾಡಿದ್ದಳು: ಐದು ಮಾತ್ರೆಯ ಸ್ವರಗುಚ್ಛ ಮೂರು ಸಲ, ನಡುವೆ ಎರಡು ಕಡೆ ಒಂದೊಂದು ಮಾತ್ರೆ ಬಿಡುವು, ಒಟ್ಟು 17. ಆದಿತಾಳದ ಒಂದು ಸುತ್ತಿಗೆ (ಆವರ್ತಕ್ಕೆ) ಎಂಟು ಎಣಿಕೆ, ಎಣಿಕೆಗೆ ನಾಲ್ಕರಂತೆ 32 ಮಾತ್ರೆ; ಅದರಲ್ಲಿ 15 ಕಳೆದ ಮೇಲೆ ಹಿಡಿದರೆ ಸರಿಯಾಗಿ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ಬಂದು ನಿಲ್ಲುತ್ತದೆ. ಆದರೆ ಅಂದು ಸ್ವರ ಹಾಕಿದ ಸಾಲಿನ ಎಡುಪು (ಸಾಲು ತಾಳದಲ್ಲಿ ಶುರುವಾಗುವ ಜಾಗ) ಇದ್ದದ್ದು ಸಮದಿಂದ ಒಂದೂವರೆ ಎಣಿಕೆ ಆಚೆ. ಮುಕ್ತಾಯ ಆರು ಮಾತ್ರೆ ಮೊದಲೇ ಮುಗಿದುಹೋಯಿತು. ಮೃದಂಗದವರು ಹೇಗೋ ಸಂಭಾಳಿಸಿದರು. ವೇದಿಕೆ ಇಳಿದ ಮೇಲೆ ಹಿರಿಯರೊಬ್ಬರು, "ಮನೋಧರ್ಮವನ್ನು ಉರು ಹೊಡೆದರೆ ಹೀಗೇ" ಎಂದರಂತೆ. ಅಂದಿನಿಂದ ಆಕೆ ಸ್ವರದ ಅಭ್ಯಾಸವನ್ನೇ ಬಿಟ್ಟಳು. ಮುಂದಿನ ಕಛೇರಿಯಲ್ಲಿ ಎರಡನೇ ಆವರ್ತಕ್ಕೇ ಏನೂ ಹೊಳೆಯಲಿಲ್ಲ.

ಪಕ್ಕವಾದ್ಯದವರು ವೇದಿಕೆಯಲ್ಲೇ ಮೊದಲ ಸಲ ಭೇಟಿಯಾಗಿ ನುಡಿಸುವುದು ನಮ್ಮಲ್ಲಿ ಹೆಮ್ಮೆಯ ಮಾತು. ಅವರವರ ತಾಲೀಮು ಅವರವರ ಮನೆಯಲ್ಲಿ ಹತ್ತಿಪ್ಪತ್ತು ವರ್ಷ ನಡೆದಿರುವುದರಿಂದಲೇ ಅದು ಸಾಧ್ಯ ಎಂದು ಆಕೆಗೆ ಹೇಳಿದೆ. ಹಿರಿಯರ ಮಾತು ನಿಜಕ್ಕೂ ಕಟುವಾಗಿತ್ತು, ಅರ್ಧ ಸರಿಯೂ ಆಗಿತ್ತು.

ಸ್ವರ ಬರೆದಿಟ್ಟ ಪುಸ್ತಕವನ್ನು ಸದ್ಯಕ್ಕೆ ಮುಚ್ಚಿಡಲು ಸೂಚಿಸಿದೆ. ಅದೇ 17ರ ಲೆಕ್ಕವನ್ನು ದಿನಕ್ಕೊಂದು ರಾಗದಲ್ಲಿ, ಇವತ್ತು ಮೋಹನ, ನಾಳೆ ತೋಡಿ, ಒಮ್ಮೆ ಸಮಕ್ಕೆ, ಒಮ್ಮೆ ಒಂದೂವರೆ ಎಣಿಕೆಗೆ ಇಳಿಸಬೇಕು. ಒಂದೂವರೆಗಾದರೆ 15ರ ಬದಲು 21 ಕಳೆದು ಹಿಡಿಯಬೇಕು. ಲೆಕ್ಕ ಕೈಯಲ್ಲಿ ಕೂತಿರಲಿ, ಸ್ವರಗಳು ಆ ಹೊತ್ತಿಗೆ ಬರಲಿ. ಇಪ್ಪತ್ತು ನಿಮಿಷ ಸಾಕು.

ತಪ್ಪಿದಾಗ ಕೈ ನಿಲ್ಲಿಸಕೂಡದು. ಪಲ್ಲವಿಯ ಸಾಲನ್ನು ಹಿಡಿದು, ಒಂದು ಆವರ್ತ ಹಾಡಿ ಮತ್ತೆ ಸ್ವರಕ್ಕೆ ಬರಬೇಕು. ಇದನ್ನು ಬೇಕೆಂದೇ ತಪ್ಪಿ ಅಭ್ಯಾಸ ಮಾಡು ಎಂದಾಗ ಆಕೆಯ ಕಣ್ಣು ತುಂಬಿತು. ತಪ್ಪಿದ ಮೇಲೆ ಏನು ಮಾಡಬೇಕೆಂದು ಇಷ್ಟು ವರ್ಷ ಯಾರೂ ಹೇಳಿಕೊಟ್ಟಿರಲಿಲ್ಲವಂತೆ.

ಇನ್ನೊಂದು ಸಂಗತಿ ಮಾತಿನ ನಡುವೆ ಸಿಕ್ಕಿತು. ಪಿಟೀಲಿನವರು ಉತ್ತರ ಕೊಡುವಾಗ ಆಕೆ ಕೇಳುತ್ತಲೇ ಇರಲಿಲ್ಲ, ತನ್ನ ಮುಂದಿನ ಸುತ್ತನ್ನು ಕೂಡಿಸಿಕೊಳ್ಳುತ್ತಿದ್ದಳು. ಅವರ ಕೊನೆಯ ಮೂರು ಸ್ವರಗಳನ್ನಷ್ಟೇ ಹಿಡಿದುಕೋ, ಅಲ್ಲಿಂದ ಹೊರಡು ಎಂದೆ. ಕಛೇರಿಗೆ ಮೊದಲು ಪಕ್ಕವಾದ್ಯದವರ ಜೊತೆ ಒಮ್ಮೆ ಕೂತು ಶ್ರುತಿ, ಕೃತಿಗಳ ಸಾಲು, ಎಡುಪು, ತನಿ ಆವರ್ತನ (ಮೃದಂಗದವರು ತಾವೇ ನುಡಿಸುವ ಭಾಗ) ಯಾವುದಕ್ಕೆ ಎಂಬುದನ್ನು ಮಾತಾಡಿಕೊಳ್ಳಬಹುದು. ಸ್ವರಗಳನ್ನು ಹೇಳುವುದು ಬೇಡ.

ನಾಲ್ಕನೇ ಭೇಟಿಯ ಹೊತ್ತಿಗೆ ಮನೆಯಲ್ಲಿ ಹತ್ತು ಜನರೆದುರು ಹಾಡಿದ್ದಳು. ಕಲ್ಯಾಣಿಯಲ್ಲಿ ಒಮ್ಮೆ ತಪ್ಪಿ, ಪಲ್ಲವಿ ಹಿಡಿದು, ವಾಪಸು ಬಂದಳಂತೆ. ಆ ಹಿರಿಯರೆದುರು ಹಾಡಲು ಇನ್ನೂ ಧೈರ್ಯವಿಲ್ಲ. ಅದಕ್ಕೆ ಅವಸರ ಬೇಡ ಎಂದಿದ್ದೇನೆ.