ಜೆಲ್ ಕೂಡಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ಮಾತ್ರ ಸಾಯುವುದಿಲ್ಲ: ಏಕೆ?

ಕೈಟೋಸಾನ್ (ಸಿಗಡಿ ಚಿಪ್ಪಿನಿಂದ ತೆಗೆಯುವ ಪಾಲಿಮರ್) ಜೊತೆ ಆಕ್ಸಿಡೈಸ್ಡ್ ಡೆಕ್ಸ್‌ಟ್ರಾನ್ (ಆಲ್ಡಿಹೈಡ್ ಗುಂಪು ಬರುವಂತೆ ಮಾಡಿದ ಸಕ್ಕರೆ ಸರಪಳಿ) ಬೆರೆಸಿದ ಜೆಲ್ ಕತ್ತರಿಸಿದರೂ ಕೂಡಿಕೊಳ್ಳುತ್ತದೆ, ಆದರೆ ಅದನ್ನು ಬಳಿದ ಟೈಟಾನಿಯಂ ಇಂಪ್ಲಾಂಟ್ ಮೇಲೆ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬೆಳೆದುಬಿಡುತ್ತದೆ ಅಂತ ಬರೆದಿದ್ದೀರಿ.

ಕೂಡಿಕೊಳ್ಳುವುದು, ಕೊಲ್ಲುವುದು, ಎರಡೂ ಕೆಲಸಕ್ಕೆ ನೀವು ನಂಬಿರುವುದು ಕೈಟೋಸಾನಿನ ಒಂದೇ ಅಮೈನನ್ನು (ಸಾರಜನಕದ ಗುಂಪು). ಅಮೈನ್ ಡೆಕ್ಸ್‌ಟ್ರಾನಿನ ಆಲ್ಡಿಹೈಡ್ ಜೊತೆ ಸೇರಿ ಇಮೀನ್ ಬಂಧವಾಗುತ್ತದೆ. ಅದು ಬಿಟ್ಟು ಬಿಟ್ಟು ಮತ್ತೆ ಕಟ್ಟಿಕೊಳ್ಳುವುದರಿಂದಲೇ ಸೀಳು ಮುಚ್ಚುವುದು. ಬ್ಯಾಕ್ಟೀರಿಯಾದ ಪೊರೆ ಕೆಡಿಸುವ ಧನಾವೇಶವೂ ಅದೇ ಅಮೈನಿನದು. ಬಂಧಕ್ಕೆ ಹೋದದ್ದು ಕೊಲ್ಲಲು ಸಿಗುವುದಿಲ್ಲ. ಉಳಿದದ್ದಕ್ಕೂ ದೇಹದ ಪಿಎಚ್ 7.4ರಲ್ಲಿ ಆವೇಶ ಅಷ್ಟಕ್ಕಷ್ಟೇ, ಕೈಟೋಸಾನಿನ ಪಿಕೆಎ (ಅರ್ಧದಷ್ಟು ಅಮೈನಿಗೆ ಆವೇಶವಿರುವ ಪಿಎಚ್) ಸುಮಾರು 6.5 ತಾನೇ.

ನಾನಾದರೆ ಕ್ವಾಟರ್ನೈಸ್ಡ್ ಕೈಟೋಸಾನ್ (ಶಾಶ್ವತ ಧನಾವೇಶದ ಗುಂಪು ಇರುವುದು) ಹಿಡಿಯುತ್ತೇನೆ. ಅದರ ಆವೇಶ ಪಿಎಚ್‌ಗೆ ಜಗ್ಗುವುದಿಲ್ಲ. ಹಾಗಂತ ಎಲ್ಲ ಅಮೈನನ್ನೂ ಅದಕ್ಕೇ ಸುರಿದರೆ ಜೆಲ್ಲೇ ಕಟ್ಟುವುದಿಲ್ಲ, ಅರ್ಧದಷ್ಟಾದರೂ ಉಳಿಸಿ. ಅತಿಯಾದ ಆವೇಶ ನಮ್ಮ ಜೀವಕೋಶಗಳಿಗೂ ವಿಷವೇ.

ಡೆಕ್ಸ್‌ಟ್ರಾನನ್ನು ಆಕ್ಸಿಡೈಸ್ ಮಾಡುವುದು ಹೀಗೆ: ಡೆಕ್ಸ್‌ಟ್ರಾನ್ 5 ಗ್ರಾಂ, ನೀರು 100 ಮಿಲಿ, ಸೋಡಿಯಂ ಪರ್‌ಅಯೋಡೇಟ್ 1.65 ಗ್ರಾಂ, ಕತ್ತಲಲ್ಲಿ 4 ಗಂಟೆ ಕಲಕಿ. ಆಮೇಲೆ ಎಥಿಲೀನ್ ಗ್ಲೈಕಾಲ್ ಅರ್ಧ ಮಿಲಿ ಹಾಕಿ ಒಂದು ಗಂಟೆ ಬಿಡಿ. ಇದನ್ನು ಮರೆತರೆ ಉಳಿದ ಪರ್‌ಅಯೋಡೇಟ್ ಸರಪಳಿಯನ್ನು ಕಡಿಯುತ್ತಲೇ ಇರುತ್ತದೆ. 3 ದಿನ ಡಯಾಲಿಸಿಸ್ (ಪೊರೆಚೀಲದಲ್ಲಿಟ್ಟು ಸಣ್ಣ ಅಣುಗಳನ್ನು ತೊಳೆದುಹಾಕುವುದು), ನಂತರ ಫ್ರೀಜ್ ಡ್ರೈ. ಆಲ್ಡಿಹೈಡ್ ಎಷ್ಟಾಯಿತೆಂದು ಹೈಡ್ರಾಕ್ಸಿಲಮೈನ್ ಹೈಡ್ರೋಕ್ಲೋರೈಡ್ ಟೈಟ್ರೇಶನ್‌ನಲ್ಲಿ ಅಳೆಯಿರಿ, ಕಾಗದದ ಲೆಕ್ಕ ನಂಬಬೇಡಿ. ಜೆಲ್ ಕಟ್ಟಲು ಶುರುವಿಗೆ ಕೈಟೋಸಾನ್ 3%, ಆಕ್ಸಿಡೈಸ್ಡ್ ಡೆಕ್ಸ್‌ಟ್ರಾನ್ 5%, ಎರಡೂ ದ್ರಾವಣ ಸಮಪಾಲು.

ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಫಾಸ್ಫೇಟೇ ಇರಲಿ. ಟ್ರಿಸ್ ಎಂಬ ಬಫರ್‌ನಲ್ಲೂ ಅಮೈನ್ ಇದೆ, ಸದ್ದಿಲ್ಲದೆ ಆಲ್ಡಿಹೈಡ್ ತಿಂದುಹಾಕುತ್ತದೆ. ಟೈಟಾನಿಯಂಗೆ ಅಂಟಲು ಡೋಪಮೈನ್ ಲೇಪನ (2 ಮಿಗ್ರಾಂ/ಮಿಲಿ, ಪಿಎಚ್ 8.5, 24 ಗಂಟೆ) ಕೊಡುವುದಿದ್ದರೆ ಅದು ಸಾಮಾನ್ಯವಾಗಿ ಟ್ರಿಸ್‌ನಲ್ಲೇ ನಡೆಯುವುದು, ಆದ್ದರಿಂದ ಚೆನ್ನಾಗಿ ತೊಳೆಯಿರಿ. ಜೆಂಟಾಮೈಸಿನ್ ಎಂಬ ಪ್ರತಿಜೀವಕ ಸೇರಿಸಿದರೂ ಅದರ ಅಮೈನುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಇಲ್ಲೊಂದು ಲಾಭವಿದೆ: ಸೋಂಕಾದ ಜಾಗ ಆಮ್ಲೀಯವಾದಂತೆ ಇಮೀನ್ ಸಡಿಲಗೊಂಡು ಔಷಧ ಬಿಡುಗಡೆಯಾಗುತ್ತದೆ.

ಬ್ಯಾಕ್ಟೀರಿಯಾ ಬೆಳೆಸಿದ ಅಗಾರ್ ತಟ್ಟೆಯಲ್ಲಿ ಜೆಲ್ ಸುತ್ತ ಖಾಲಿ ವೃತ್ತ ಕಾಣಲಿಲ್ಲವೆಂದು ಗಾಬರಿಯಾಗಬೇಡಿ. ಔಷಧ ಸೇರಿಸದ ಕ್ವಾಟರ್ನೈಸ್ಡ್ ಜೆಲ್ ಮುಟ್ಟಿದ್ದನ್ನು ಕೊಲ್ಲುತ್ತದೆ, ಹೊರಗೆ ಏನನ್ನೂ ಸೋರಿಸುವುದಿಲ್ಲ. ಮೇಲ್ಮೈಯಿಂದ ಬ್ಯಾಕ್ಟೀರಿಯಾ ಬಿಡಿಸಿ ಕಾಲೊನಿ ಎಣಿಸಿ.

ಜೆಲ್ ಕೂಡಿಕೊಂಡಿತೆನ್ನಲು ಬಣ್ಣದ ಎರಡು ತುಂಡು ಅಂಟಿದ ಫೋಟೊಗೆ ನಾನು ಬೆಲೆ ಕೊಡುವುದಿಲ್ಲ. 37 ಡಿಗ್ರಿ ಸಲೈನ್‌ನಲ್ಲಿ ಉಬ್ಬಿದ ಮೇಲೆ, ರಿಯೋಮೀಟರ್‌ನಲ್ಲಿ (ಜೆಲ್ಲಿನ ಗಟ್ಟಿತನ ಅಳೆಯುವ ಯಂತ್ರ) 1% ಮತ್ತು 500% ಸ್ಟ್ರೇನ್ (ವಿರೂಪದ ಪ್ರಮಾಣ) ಅದಲುಬದಲು ಮಾಡಿ, ಗಟ್ಟಿತನ ಮರಳುತ್ತದೆಯೇ ನೋಡಿ. ಬಿರುಕು ಮುಚ್ಚೀತು, ಇಂಪ್ಲಾಂಟಿನ ದಂಡವನ್ನು (ಸ್ಟೆಮ್) ಮೂಳೆಯೊಳಗೆ ಬಡಿದು ಕೂರಿಸುವಾಗ ಕೆರೆದುಹೋದ ಜೆಲ್ ಮಾತ್ರ ಮರಳಿ ಬರುವುದಿಲ್ಲ.