ಆ ಫೋನ್ ಬಂದದ್ದು ಅಮ್ಮನಿಗೆ

ರಾಜಾಜಿನಗರದ ಸಹೋದರಿ, ನಿಮ್ಮ ಪತ್ರ ಓದಿ ಸಿಟ್ಟು ಬಂತು. ನಿಮ್ಮ ಮೇಲಲ್ಲ, ನಿಮ್ಮಣ್ಣನ ಮೇಲೆ.

ಅಮ್ಮನಿಗೆ ಈಗ 66. ಎಂಬತ್ತರ ದಶಕದಲ್ಲಿ ಬೆಂಗಳೂರು ದೂರದರ್ಶನದ ನಾಟಕ, ಧಾರಾವಾಹಿಗಳಲ್ಲಿ ಪಾತ್ರ ಮಾಡುತ್ತಿದ್ದರು, ನೀವು ಹುಟ್ಟಿದ ಮೇಲೆ ಬಿಟ್ಟರು. ಮೊನ್ನೆ ಧಾರಾವಾಹಿಯೊಂದರ ಅಜ್ಜಿ ಪಾತ್ರಕ್ಕೆ ಕರೆ ಬಂತು. ಫೋನ್ ಎತ್ತಿದ ಅಣ್ಣ ‘ಅಮ್ಮ ಈಗ ಅದೆಲ್ಲ ಮಾಡಲ್ಲ’ ಅಂದು ಇಟ್ಟುಬಿಟ್ಟರು. ವಿಷಯ ತಿಳಿದಾಗಿನಿಂದ ಅಮ್ಮ ಸರಿಯಾಗಿ ಮಾತಾಡುತ್ತಿಲ್ಲ. ಅವರಿಗೆ ಹೇಗೆ ಸಮಾಧಾನ ಹೇಳಲಿ ಎಂದು ಕೇಳಿದ್ದೀರಿ.

ಪತ್ರದ ಕೊನೆಗೆ ಹಾಗೇ ಸುಮ್ಮನೆ ಒಂದು ಸಾಲು ಬರೆದಿದ್ದೀರಿ. ಬೀರುವಿನಲ್ಲಿ ಅಮ್ಮನ ಹಳೇ ನೋಟ್‌ಬುಕ್ ಇದೆ, ಅದರಲ್ಲಿ ಯಾವ ದೃಶ್ಯಕ್ಕೆ ಯಾವ ಸೀರೆ, ಎಷ್ಟು ಬಳೆ, ಜಡೆಯೋ ತುರುಬೋ, ಸೆರಗಿಗೆ ಪಿನ್ ಹಾಕಿತ್ತೋ ಇಲ್ಲವೋ ಎಂದೆಲ್ಲ ಬರೆದಿಟ್ಟಿದ್ದಾರೆ ಅಂತ. ನಾನು ಆ ಸಾಲಿನ ಹತ್ತಿರವೇ ನಿಂತೆ. ಪಾತ್ರ ಬಾಗಿಲು ತೆಗೆಯುವುದನ್ನು ಇವತ್ತು ಚಿತ್ರಿಸಿ, ಒಳಗೆ ಕಾಲಿಡುವುದನ್ನು ಹದಿನೈದು ದಿನ ಬಿಟ್ಟು ಚಿತ್ರಿಸಬಹುದು. ಕೈಯಲ್ಲಿ ಎರಡು ಬಳೆ ಕಡಿಮೆಯಾದರೂ ನೋಡುವವರಿಗೆ ಗೊತ್ತಾಗುತ್ತದೆ. ನಿಮ್ಮಮ್ಮ ಆ ಕಂಟಿನ್ಯುಟಿಯ ಹೊಣೆಯನ್ನು ತಾವೇ ಹೊತ್ತಿದ್ದರು. ಕಸುಬು ಬಲ್ಲವರು ಮಾಡುವ ಕೆಲಸ ಅದು.

ಅಮ್ಮನ ನಟನೆ ಅಣ್ಣನಿಗೆ ಬರೀ ಟೈಂಪಾಸ್ ಅನ್ನಿಸಿದ್ದರೆ, ಅದಕ್ಕೆ ಆ ಕಾಲವೂ ಕಾರಣ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಇದ್ದದ್ದು ಒಂದೇ ಚಾನೆಲ್. ಧಾರಾವಾಹಿ ವಾರಕ್ಕೊಂದು ಕಂತು, ಮಂಜೂರಾತಿ ಸಾಮಾನ್ಯವಾಗಿ 13 ಕಂತಿಗೆ. ಅದು ಮುಗಿದರೆ ಪಾತ್ರವೂ ಮುಗಿಯಿತು. ಬರೀ ಅದನ್ನೇ ನಂಬಿ ಬದುಕುವುದು ಯಾರಿಗೂ ಸುಲಭವಿರಲಿಲ್ಲ. ಹಾಗಾಗಿ ಹವ್ಯಾಸಿ ರಂಗಭೂಮಿಯಲ್ಲೂ ಆಕಾಶವಾಣಿಯ ನಾಟಕಗಳಲ್ಲೂ ದುಡಿದು, ಹಗಲು ಆಫೀಸಿಗೂ ಹೋಗಿಬಂದ ಕಲಾವಿದೆಯರಿದ್ದರು. ಗಂಡಸು ಹೀಗೆ ದುಡಿದರೆ ಕಷ್ಟಪಟ್ಟ ಅನ್ನುತ್ತೇವೆ, ಹೆಂಗಸು ದುಡಿದರೆ ಆಸೆಗೆ ಮಾಡಿದಳು ಅನ್ನುತ್ತೇವೆ. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೂ ಬರೆಯುತ್ತೇನೆ.

ವೈಶಾಲಿ ಕಾಸರವಳ್ಳಿ ನೆನಪಿದ್ದಾರಾ? ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಮ್ಮ. ಮುಂದೆ ‘ಮೂಡಲ ಮನೆ’ಯನ್ನು ನಿರ್ದೇಶಿಸಿದ್ದೂ ಅವರೇ. 1984ರ ಹಿಂದಿ ಧಾರಾವಾಹಿ ‘ಹಮ್ ಲೋಗ್’ನಲ್ಲಿ ಹಿರಿಮಗಳು ಬಡ್ಕಿಯಾಗಿದ್ದ ಸೀಮಾ ಪಾಹ್ವಾ ಮೂವತ್ತು ವರ್ಷದ ಮೇಲೆ ಹಿಂದಿ ಸಿನಿಮಾಗಳ ಅಮ್ಮನ ಪಾತ್ರಗಳಲ್ಲಿ ಮತ್ತೆ ಮನೆಮಾತಾದರು, ಆಮೇಲೆ ತಾವೇ ಒಂದು ಸಿನಿಮಾ ನಿರ್ದೇಶಿಸಿದರು. ನಿಮ್ಮಮ್ಮ ಇವರ ಕಾಲದವರು.

ಚಿತ್ರೀಕರಣ ರಾತ್ರಿಯವರೆಗೂ ಎಳೆಯುತ್ತದೆ, ಅಮ್ಮನಿಗೆ ಮಂಡಿನೋವು ಎಂಬ ನಿಮ್ಮ ಕಳವಳ ನಿಜವಾದದ್ದೇ. ಆದರೆ ತಿಂಗಳಿಗೆ ಎಷ್ಟು ದಿನದ ಕಾಲ್‌ಶೀಟ್, ಎಷ್ಟು ಹೊತ್ತಿಗೆ ಬಿಡುತ್ತಾರೆ, ಕಾರು ಕಳಿಸುತ್ತಾರಾ ಎಂದು ಕೇಳುವುದು ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಬೇಡ ಅನ್ನಿಸಿದರೆ ಬೇಡ ಅಂತಲೂ ಅವರೇ ಹೇಳಲಿ.

ಸಮಾಧಾನ ಹೇಳಲು ಹೋಗಬೇಡಿ. ಅಣ್ಣನ ಫೋನಿನಿಂದ ಆ ನಂಬರ್ ತೆಗೆದು ಇವತ್ತೇ ಅಮ್ಮನಿಗೆ ಕೊಡಿ. ಅವರು ಮಾತಾಡುವಾಗ ನೀವಿಬ್ಬರೂ ಕೋಣೆಯಿಂದಾಚೆ ಇರಿ.